ಡಾರ್ಕ್ ಸೈಡ್‌ಗೆ ಮೊದಲು: ಮೂರು ರಾತ್ರಿ, ಮೂರು ಪಿಂಕ್ ಫ್ಲಾಯ್ಡ್ ಆಲ್ಬಂ

ಇಂಗ್ಲೆಂಡಿನ ರಾಕ್ ತಂಡ ಪಿಂಕ್ ಫ್ಲಾಯ್ಡ್ ಅಂದ ಕೂಡಲೇ ಎಲ್ಲರೂ 1973ರ 'ಡಾರ್ಕ್ ಸೈಡ್ ಆಫ್ ದ ಮೂನ್' ಆಲ್ಬಂ ಹೆಸರು ಹೇಳುತ್ತಾರೆ. ಆದರೆ 1968ರಲ್ಲಿ ಮುಖ್ಯ ಹಾಡುಗಾರ ಸಿಡ್ ಬ್ಯಾರೆಟ್ ತಂಡ ಬಿಟ್ಟ ಮೇಲೆ ಉಳಿದ ನಾಲ್ವರು (ರೋಜರ್ ವಾಟರ್ಸ್, ಡೇವಿಡ್ ಗಿಲ್ಮೋರ್, ರಿಕ್ ರೈಟ್, ನಿಕ್ ಮೇಸನ್) ವರ್ಷಗಟ್ಟಲೆ ತಡಕಾಡಿದರು. ಅವರಿಗೆ ತಮ್ಮ ದಾರಿ ಸಿಕ್ಕಿದ್ದು ಎಲ್ಲಿ? ಇದನ್ನು ನಾನೇ ಕೇಳಿ ತಿಳಿಯಬೇಕು ಅನಿಸಿತು. ಆ ಕಾಲದ ಮೂರು ಆಲ್ಬಂ ತೆಗೆದುಕೊಂಡೆ. ರಾತ್ರಿಗೆ ಒಂದು. ಅದೇ ಹೆಡ್‌ಫೋನ್, ಅದೇ ಕುರ್ಚಿ, ಲೈಟ್ ಆರಿಸಿ, ಫೋನ್ ಪಕ್ಕದ ರೂಮಲ್ಲಿಟ್ಟು.

ಮೊದಲ ರಾತ್ರಿ 1970ರ 'ಆಟಮ್ ಹಾರ್ಟ್ ಮದರ್'. ಕವರ್ ಮೇಲೆ ಬರೀ ಒಂದು ಹಸು ನಿಂತಿರುತ್ತದಲ್ಲ, ಅದೇ. ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿದ ಆಲ್ಬಂ ಇದು. ಎಲ್‌ಪಿ ತಟ್ಟೆಯ ಮೊದಲ ಬದಿ ಪೂರ್ತಿ ಒಂದೇ ಕೃತಿ, ಹತ್ತಿರ ಹತ್ತಿರ 24 ನಿಮಿಷ. ತಂಡದ ಹೊರಗಿನ ಸಂಗೀತ ಸಂಯೋಜಕ ರಾನ್ ಗೀಸಿನ್ ಅದಕ್ಕೆ ಕಹಳೆಗಳನ್ನೂ ಕೋರಸ್ಸನ್ನೂ ಸೇರಿಸಿದ್ದಾರೆ. ನಡುವೆ ಬರುವ ಚೆಲ್ಲೋ ರಾಗ ನನಗೆ ತುಂಬಾ ಇಷ್ಟ. ಆದರೆ ಕಹಳೆಗಳ ಅಬ್ಬರದ ಹಿಂದೆ ತಂಡವೇ ಮರೆಯಾಗುತ್ತದೆ. ವಾಟರ್ಸ್ ಮತ್ತು ಮೇಸನ್ ಬೇಸ್, ಡ್ರಮ್ಸ್ ಎರಡನ್ನೂ ಮೊದಲಿಂದ ಕೊನೆವರೆಗೆ ಒಂದೇ ಓಟದಲ್ಲಿ ನುಡಿಸಬೇಕಾಗಿತ್ತಂತೆ. ಗಮನಿಸಿ ಕೇಳಿದರೆ ಲಯ ಅಲ್ಲಲ್ಲಿ ತೂಗಾಡುವುದು ಗೊತ್ತಾಗುತ್ತದೆ.

ಎರಡನೇ ರಾತ್ರಿ 1971ರ 'ಮೆಡಲ್'. ಇಲ್ಲಿ ಹೊರಗಿನ ಕಹಳೆ ಇಲ್ಲ, ಕೋರಸ್ ಇಲ್ಲ. ಶುರುವಿನಲ್ಲಿ ಗಾಳಿಯ ಸದ್ದು, ಅದರೊಳಗಿಂದ ಎರಡು ಬೇಸ್ ಗಿಟಾರ್. ವಾಟರ್ಸ್ ಒಂದು, ಗಿಲ್ಮೋರ್ ಒಂದು, ಎರಡೂ ಎಕೋ ಯಂತ್ರದ ಮೂಲಕ. ಹೆಡ್‌ಫೋನ್ ಹಾಕಿದರೆ ಒಂದು ಈ ಕಿವಿಗೆ, ಇನ್ನೊಂದು ಆ ಕಿವಿಗೆ. ಒಂದಕ್ಕೆ ಹಳೇ ತಂತಿ, ಹಾಗಾಗಿ ಸದ್ದು ಸ್ವಲ್ಪ ಮೊಂಡು. ಮೊದಲ ಬದಿಯ ಉಳಿದ ಹಾಡುಗಳು ಅಷ್ಟು ಗಟ್ಟಿ ಇಲ್ಲ. ನಾಯಿ ಊಳಿಡುವ ಹಾಡನ್ನು ನಾನು ಈಗಲೂ ದಾಟಿಸಿಬಿಡುತ್ತೇನೆ.

ಆದರೆ ಎರಡನೇ ಬದಿ! 'ಎಕೋಸ್', ಇಪ್ಪತ್ಮೂರೂವರೆ ನಿಮಿಷ. ಶುರುವಾಗುವುದು ಒಂದೇ ಒಂದು ಸ್ವರದಿಂದ. ರಿಕ್ ರೈಟ್ ಪಿಯಾನೋದ ಒಂದು ಮನೆ ಒತ್ತಿ, ಅದನ್ನು ತಿರುಗುವ ಲೆಸ್ಲಿ ಸ್ಪೀಕರ್‌ಗೆ ಹಾಯಿಸಿದರು. ಟಿಂಗ್. ತುಂಬಿದ ಬಾವಿಗೆ ಹನಿ ಬಿದ್ದ ಹಾಗೆ. ತಂಡದವರು 'ನಥಿಂಗ್' ಅಂತ ನಂಬರ್ ಹಾಕಿಟ್ಟಿದ್ದ ಬಿಡಿ ತುಣುಕುಗಳಿಂದ ಬೆಳೆದದ್ದು ಇದು. ನಡುವೆ ಎಲ್ಲ ಕರಗಿ ಕತ್ತಲಾಗುತ್ತದೆ. ತಿಮಿಂಗಿಲ ಕೂಗಿದಂಥ ಸದ್ದು ಕೇಳುತ್ತದೆ. ಗಿಟಾರ್ ಸದ್ದನ್ನು ಕಾಲಿನಿಂದ ಬದಲಿಸುವ ವಾ ಪೆಡಲ್‌ಗೆ ವೈರನ್ನು ಹಿಂದುಮುಂದಾಗಿ ಚುಚ್ಚಿ ಗಿಲ್ಮೋರ್ ಹೊರಡಿಸಿದ ಸದ್ದದು. ಸುಮಾರು 15ನೇ ನಿಮಿಷಕ್ಕೆ ಅದೇ ಟಿಂಗ್ ಮತ್ತೆ ಬರುತ್ತದೆ, ಕೆಳಗೆ ಆರ್ಗನ್ ನಿಧಾನಕ್ಕೆ ತುಂಬಿಕೊಳ್ಳುತ್ತದೆ. ಎಷ್ಟು ಸಲ ಕೇಳಿದ್ದರೂ ಆ ಜಾಗದಲ್ಲಿ ನನಗೆ ಮೈ ಜುಮ್ ಅನ್ನುತ್ತದೆ. ಇದನ್ನು ನಾಲ್ವರೇ ಕಟ್ಟಿದ್ದು. ಯಾರ ಆಸರೆಯೂ ಬೇಕಾಗಲಿಲ್ಲ.

'ಎಕೋಸ್' ಹಾಡಿನ ಮಾತೂ ಬದಲಾಗಿದೆ. ಬೀದಿಯಲ್ಲಿ ಎದುರಾದ ಇಬ್ಬರು ಅಪರಿಚಿತರ ಕಣ್ಣು ಸೇರುವ ಕ್ಷಣ ಅದರಲ್ಲಿದೆ. ಡಾರ್ಕ್ ಸೈಡ್‌ನಲ್ಲಿ ಕಾಣುವ, ಮನುಷ್ಯರ ಬಗೆಗಿನ ಕಾಳಜಿ ಇಲ್ಲೇ ಮೊಳಕೆ ಒಡೆದಿದೆ, ಅಲ್ವಾ?

ಮೂರನೇ ರಾತ್ರಿ 1972ರ 'ಅಬ್‌ಸ್ಕ್ಯೂರ್ಡ್ ಬೈ ಕ್ಲೌಡ್ಸ್'. ಒಂದು ಫ್ರೆಂಚ್ ಸಿನಿಮಾಕ್ಕಾಗಿ ಪ್ಯಾರಿಸ್ ಹತ್ತಿರದ ಹಳೇ ಬಂಗಲೆಯೊಂದರಲ್ಲಿ ಬೇಗ ಬೇಗ ಮಾಡಿ ಮುಗಿಸಿದ್ದು. ಎಲ್ಲ ಚಿಕ್ಕ ಚಿಕ್ಕ ಹಾಡುಗಳು. ಜಾಸ್ತಿ ಜನ ಇದನ್ನು ಸುಮ್ನೆ ಬದಿಗಿಟ್ಟುಬಿಡುತ್ತಾರೆ, ನನಗೆ ಅದು ಬೇಸರ. ಒಂದು ಹಾಡಿನ ತಾಳ ಡಾರ್ಕ್ ಸೈಡ್‌ನ 'ಟೈಮ್' ಹಾಡಿಗೆ ಅಣ್ಣತಮ್ಮನ ಹಾಗಿದೆ. ಇನ್ನೊಂದರಲ್ಲಿ ವಾಟರ್ಸ್ ಯುದ್ಧದಲ್ಲಿ ತೀರಿಕೊಂಡ ಅಪ್ಪನ ನೆನಪನ್ನು ಮುಟ್ಟುತ್ತಾರೆ. ಮುಂದಿನ ವರ್ಷಗಳಲ್ಲಿ ಅವರು ಮತ್ತೆ ಮತ್ತೆ ಕೆದಕಿದ ಗಾಯ ಅದು.

ಹಾಗಂತ ಇದನ್ನು ಡಾರ್ಕ್ ಸೈಡ್‌ಗೆ ದಾಟಿಸಿದ ಸೇತುವೆ ಅನ್ನೋಕೆ ಆಗಲ್ಲ. ಇದರ ಕೆಲಸ ಶುರುವಾಗುವ ಮೊದಲೇ, 1972ರ ಜನವರಿಯಲ್ಲೇ, ಡಾರ್ಕ್ ಸೈಡ್ ಹಾಡುಗಳನ್ನು ಅವರು ವೇದಿಕೆ ಮೇಲೆ ನುಡಿಸುತ್ತಿದ್ದರು. ದಾರಿ ಸಿಕ್ಕಾಗಿತ್ತು. ಸಿಕ್ಕಿದ್ದು ಆ ಟಿಂಗ್‌ನಲ್ಲಿ.

ಹೊಸದಾಗಿ ಕೇಳುವವರು 'ಮೆಡಲ್' ಆಲ್ಬಮ್ಮಿನ ಎರಡನೇ ಬದಿಯಿಂದಲೇ ಶುರು ಮಾಡಿ. ನಡುವಿನ ಕತ್ತಲಲ್ಲಿ ಬೇಜಾರಾಯಿತೆಂದು ನಿಲ್ಲಿಸಬೇಡಿ, 15ನೇ ನಿಮಿಷದವರೆಗೆ ತಡೆಯಿರಿ.