ಕ್ಯಾಸೆಟ್ಟನ್ನು ಕೊನೆಯವರೆಗೂ ಓಡಿಸುವವರು: ಉಡುಪಿಯ ಒಂದು ಅಂಗಡಿಯ ಬಗ್ಗೆ

ಹಳೆಯ ಕ್ಯಾಸೆಟ್ಟುಗಳಲ್ಲಿರುವ ಧ್ವನಿಯನ್ನು ಪೆನ್‌ಡ್ರೈವಿಗೆ ಇಳಿಸಿಕೊಡುವವರು ನಮ್ಮ ಕಡೆ ಈಗ ಹೆಚ್ಚು ಮಂದಿ ಇಲ್ಲ. ಇರುವ ಕೆಲವರೂ ಮದುವೆಯ ವಿಡಿಯೋ ಕೆಲಸದ ನಡುವೆ ಬಿಡುವಾದಾಗ ಮಾಡಿಕೊಡುತ್ತಾರೆ. ಉಡುಪಿಯ ತೆಂಕಪೇಟೆಯಲ್ಲಿ ಹಳೆಯ ಕಟ್ಟಡವೊಂದರ ಮಾಳಿಗೆಯ ಮೇಲಿರುವ ಈ ಅಂಗಡಿ ಮಾತ್ರ ಅದೊಂದನ್ನೇ ಕಸುಬಾಗಿ ಇಟ್ಟುಕೊಂಡಿದೆ. ಒಬ್ಬರೇ ನಡೆಸುವ ಅಂಗಡಿಯಾದ್ದರಿಂದ ಮತ್ತು ಕೈಯಲ್ಲಿರುವ ಕೆಲಸವೇ ಮುಗಿಯುತ್ತಿಲ್ಲವಾದ್ದರಿಂದ, ಹೆಸರು ಬರೆಯಬೇಡಿ ಎಂದು ಅವರು ಕೇಳಿಕೊಂಡಿದ್ದಾರೆ. ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದವರು ಎಂದು ಪೇಟೆಯಲ್ಲಿ ವಿಚಾರಿಸಿದರೆ ದಾರಿ ತೋರಿಸುವವರಿದ್ದಾರೆ.

ನಾವು ಅಲ್ಲಿಗೆ ಹೋದದ್ದು ಗುಂಪಾಗಿ. ಎಪ್ಪತ್ತು ಮತ್ತು ಎಂಬತ್ತರ ದಶಕಗಳಲ್ಲಿ ಒಬ್ಬ ಗುರುಗಳ ಸುತ್ತ ಬೆಳೆದಿದ್ದ ಒಂದು ಸತ್ಸಂಗದಲ್ಲಿ ನಾವೆಲ್ಲ ಇದ್ದೆವು. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕಾರಣಕ್ಕೆ ಹೊರಗೆ ಬಂದೆವು. ಆ ಕಾರಣಗಳನ್ನು ಇಲ್ಲಿ ಬಿಡಿಸುವುದಿಲ್ಲ, ಅದರಲ್ಲಿ ನಮ್ಮೊಳಗೇ ಒಮ್ಮತವಿಲ್ಲ. ಒಮ್ಮತ ಇರುವುದು ಹಾಡಿನ ವಿಷಯದಲ್ಲಿ. ಸಿನಿಮಾ ಹಾಡನ್ನು ಕೇಳಬಾರದು, ಗುನುಗಬಾರದು, ಮನೆಯಲ್ಲಿ ಟ್ರಾನ್ಸಿಸ್ಟರ್ ಇದ್ದರೆ ಅದು ವಾರ್ತೆಗೆ ಮಾತ್ರ ಎಂಬ ನಿಯಮದಲ್ಲಿ ಬೆಳೆದ ನಮಗೆ ಸಿನಿಮಾ ಸಂಗೀತದ ಬಗ್ಗೆ ಇರುವಷ್ಟು ತಿಳುವಳಿಕೆ, ಯಾವ ಅಡ್ಡಿಯೂ ಇಲ್ಲದೆ ರೇಡಿಯೋ ಕೇಳಿ ಬೆಳೆದ ನಮ್ಮ ಓರಗೆಯವರಿಗೆ ಇದ್ದಂತೆ ಕಾಣುವುದಿಲ್ಲ. ನಾವು ಸೇರಿದಾಗ ಗುರುಗಳ ಮಾತು, ಮಠದ ಮಾತು ಸ್ವಲ್ಪ ಹೊತ್ತು ನಡೆದು ನಿಲ್ಲುತ್ತದೆ. ಆಮೇಲೆ ಯಾವ ಚಿತ್ರ, ಯಾರ ಸಂಗೀತ, ಯಾರ ಧ್ವನಿ ಎಂಬ ಪಂಥ ಶುರುವಾದರೆ ಎದ್ದು ಹೋಗುವವರೇ ಇಲ್ಲ.

ಸತ್ಸಂಗದ ಭಜನೆ ಮತ್ತು ಪ್ರವಚನಗಳನ್ನು ಯಾರಾದರೊಬ್ಬರು ಮನೆಯ ಟೇಪ್ ರೆಕಾರ್ಡರಿನಲ್ಲಿ ಹಿಡಿದಿಡುತ್ತಿದ್ದರು. ಅಂಥ ಕ್ಯಾಸೆಟ್ಟುಗಳ ಒಂದು ಡಬ್ಬವೇ ನಮ್ಮಲ್ಲೊಬ್ಬರ ಅಟ್ಟದಲ್ಲಿ ಉಳಿದಿತ್ತು. ಅಂಗಡಿಯವರ ಬಗ್ಗೆ ಮೊದಲ ಒಳ್ಳೆಯ ಅಭಿಪ್ರಾಯ ಬಂದದ್ದು ಅವರು ಆ ಡಬ್ಬವನ್ನು ವಿಂಗಡಿಸಿದ ರೀತಿಯಿಂದ. ಅದರಲ್ಲಿ ವಿದ್ಯಾಭೂಷಣರು ಹಾಡಿದ ದಾಸರ ಪದಗಳ ಮಾರಾಟದ ಕ್ಯಾಸೆಟ್ಟುಗಳೂ ಇದ್ದವು. ಅವನ್ನು ಬದಿಗಿಟ್ಟು, "ಇದು ನಿಮ್ಮ ಮೊಬೈಲಿನಲ್ಲೇ ಇದಕ್ಕಿಂತ ಚೆನ್ನಾಗಿ ಸಿಗುತ್ತದೆ ಮಾಸ್ಟ್ರೇ, ದುಡ್ಡು ಹಾಕಬೇಡಿ" ಎಂದರು. ಸುಬ್ರಹ್ಮಣ್ಯ ಮಠದ ಪೀಠವನ್ನು ಬಿಟ್ಟು ಗೃಹಸ್ಥರಾದ ಮೇಲೂ ಹಾಡುವುದನ್ನು ಬಿಡದ ಗಾಯಕರ ಕ್ಯಾಸೆಟ್ಟು ನಮ್ಮಂಥವರ ಡಬ್ಬದಲ್ಲಿ ಇದ್ದದ್ದು ಆಕಸ್ಮಿಕವೇನಲ್ಲ ಎಂದು ನಮ್ಮಲ್ಲೊಬ್ಬರು ಹೇಳಿದರು. ಉಳಿದವರು ಅದನ್ನು ಒಪ್ಪಲಿಲ್ಲ.

ಕರಾವಳಿಯ ಮಳೆಗಾಲ ಕ್ಯಾಸೆಟ್ಟಿಗೆ ಶತ್ರು. ಸುರುಳಿಯ ಅಂಚಿನಲ್ಲಿ ಬಿಳಿ ಚುಕ್ಕೆಗಳಂತೆ ಬೂಷ್ಟು ಹಿಡಿದಿದ್ದರೆ ಅದನ್ನು ನೇರವಾಗಿ ಯಂತ್ರಕ್ಕೆ ಹಾಕುವುದರಿಂದ ಟೇಪಿನ ಧ್ವನಿಯನ್ನು ಓದುವ ಹೆಡ್ಡೂ ಕೆಡುತ್ತದೆ, ಮುಂದಿನ ಕ್ಯಾಸೆಟ್ಟಿಗೂ ಬೂಷ್ಟು ಹರಡುತ್ತದೆ. ಇವರು ಅಂಥವನ್ನು ಬೇರೆಯಾಗಿಟ್ಟು, ಅದಕ್ಕೆಂದೇ ಇರುವ ಹಳೆಯ ಯಂತ್ರದಲ್ಲಿ ಸುತ್ತಿ ಒರೆಸಿ, ಆಮೇಲೆ ಮುಂದಿನ ಕೆಲಸಕ್ಕೆ ಹೋಗುತ್ತಾರೆ. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಪುಟ್ಟ ಪ್ಯಾಡ್ ಅಂಟು ಬಿಟ್ಟು ಉದುರಿದ್ದ ಕ್ಯಾಸೆಟ್ಟುಗಳ ಸ್ಕ್ರೂ ಬಿಚ್ಚಿ, ಟೇಪನ್ನು ಬೇರೆ ಕವಚಕ್ಕೆ ಸಾಗಿಸಿ, ಹಳೆಯ ಕವಚವನ್ನೂ ಅದರ ಮೇಲಿನ ಕೈಬರಹದ ಚೀಟಿಯ ಸಲುವಾಗಿ ಹಿಂದಿರುಗಿಸಿದರು.

ಪ್ರತಿ ಕ್ಯಾಸೆಟ್ಟಿಗೂ ಹೆಡ್ಡಿನ ಓರೆಯನ್ನು ಸಣ್ಣ ಸ್ಕ್ರೂ ತಿರುಗಿಸಿ ಸರಿಪಡಿಸಿಕೊಳ್ಳುವುದು ಇಲ್ಲಿನ ಕ್ರಮ. ರೆಕಾರ್ಡ್ ಮಾಡಿದ ಯಂತ್ರದ ಹೆಡ್ಡು ಎಷ್ಟು ಓರೆಯಾಗಿತ್ತೋ ಈಗ ಓಡಿಸುವ ಯಂತ್ರದ್ದೂ ಅಷ್ಟೇ ಓರೆಯಾಗದಿದ್ದರೆ ತಾಳದ ಸದ್ದು, ಸಕಾರ ಷಕಾರಗಳು ಮಂಕಾಗುತ್ತವೆ. ನಮಗೆ ಹೆಚ್ಚು ಹಿಡಿಸಿದ್ದು ವೇಗದ ತಿದ್ದುಪಡಿ. ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ರೆಕಾರ್ಡ್ ಮಾಡುವಾಗ ಬ್ಯಾಟರಿ ಸೋತು ಮೋಟಾರು ನಿಧಾನವಾಗಿದ್ದರೆ, ಈಗ ಸರಿಯಾದ ವೇಗದಲ್ಲಿ ಓಡಿಸಿದಾಗ ಧ್ವನಿ ಚುರುಕಾಗಿ ಏರುತ್ತದೆ. ಗುರುಗಳ ಗಂಭೀರ ಕಂಠ ಪ್ರವಚನ ಸಾಗಿದಂತೆಲ್ಲ ಶಾಲಾ ಬಾಲಕನ ಕಂಠದಂತಾಗುತ್ತಿದ್ದುದನ್ನು ಕೇಳಿ ನಾವು ನಕ್ಕದ್ದು ನಿಜ; ಅಂಗಡಿಯವರು ನಗದೆ, ಭಜನೆಗೆ ಯಾವ ಶ್ರುತಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದರು ಎಂದು ಕೇಳಿದರು. ಕಪ್ಪು ಒಂದು, ಅಂದರೆ ಮೊದಲ ಕಪ್ಪು ಮನೆಯ ಶ್ರುತಿ, ಎಂದು ಎಲ್ಲರೂ ಒಟ್ಟಿಗೆ ಹೇಳಿದೆವು. ಹಾರ್ಮೋನಿಯಮ್ಮಿನ ಶ್ರುತಿ ಸುಲಭಕ್ಕೆ ಜಾರುವುದಿಲ್ಲವಾದ್ದರಿಂದ ಅದನ್ನೇ ಅಳತೆಗೋಲಾಗಿ ಇಟ್ಟುಕೊಂಡು ಇಡೀ ಬದಿಯ ವೇಗವನ್ನು ಹಂತ ಹಂತವಾಗಿ ಇಳಿಸಿದರು. ಆಗ ಮಾತ್ರ ಆ ಕಂಠವನ್ನು ನಾವು ಗುರುತಿಸಿದೆವು, ಮತ್ತು ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಈ ಅಂಗಡಿಯನ್ನು ನಾನು ಇಷ್ಟು ಮೆಚ್ಚಲು ಮುಖ್ಯ ಕಾರಣ ಬೇರೆಯೇ ಇದೆ. ಬೇರೆ ಕಡೆ ಪ್ರವಚನ ಮುಗಿದ ಕೂಡಲೇ ಟೇಪು ನಿಲ್ಲಿಸಿ, ಉಳಿದದ್ದು ಖಾಲಿ ಎಂದು ಕತ್ತರಿಸಿಬಿಡುತ್ತಾರೆ. ಇವರು ಎರಡೂ ಬದಿಗಳನ್ನು ಟೇಪು ಮುಗಿಯುವವರೆಗೂ ಓಡಿಸುತ್ತಾರೆ. ಆ ಕಾಲದಲ್ಲಿ ಖಾಲಿ ಕ್ಯಾಸೆಟ್ಟಿಗೆ ದುಡ್ಡು ಸಾಲದೆ, ಮನೆಯಲ್ಲಿದ್ದ ಸಿನಿಮಾ ಹಾಡಿನ ಕ್ಯಾಸೆಟ್ಟಿನ ಬೆನ್ನಿನಲ್ಲಿ, ಮತ್ತೆ ರೆಕಾರ್ಡ್ ಆಗದಂತೆ ತಡೆಯುವ ತೂತಿಗೆ ಕಾಗದ ತುರುಕಿ ಅದರ ಮೇಲೆಯೇ ಭಜನೆ ರೆಕಾರ್ಡ್ ಮಾಡುತ್ತಿದ್ದರು. ಪಾಪದ ಹಾಡಿನ ಮೇಲೆ ಪುಣ್ಯದ ಹಾಡು ಬೀಳುವುದರಿಂದ ಅದಕ್ಕೆ ಯಾರ ಆಕ್ಷೇಪವೂ ಇರಲಿಲ್ಲ. ಆದರೆ ಪುಣ್ಯ ಬೇಗ ಮುಗಿಯುತ್ತಿತ್ತು. ವೈರಾಗ್ಯದ ಬಗೆಗಿನ ದೀರ್ಘ ಪ್ರವಚನವೊಂದು ಮುಗಿದು, ಗುಂಡಿ ಒತ್ತಿದ ಟಕ್ಕೆಂಬ ಸದ್ದು ಬಂದು, ಅದರ ಬೆನ್ನಿಗೇ "ಯಾರೇ ಕೂಗಾಡಲಿ" ಹಾಡು ಅರ್ಧದಿಂದ ಹೊಮ್ಮಿದಾಗ ಆ ಕೋಣೆಯಲ್ಲಿ ಆದ ಗದ್ದಲವನ್ನು ಅಂಗಡಿಯವರು ಬಹುಕಾಲ ಮರೆಯಲಾರರು.

ಅಲ್ಲಿಂದ ಪಂಥ ಶುರು. ಪಿ.ಬಿ. ಶ್ರೀನಿವಾಸರ ಕಂಠದಲ್ಲೇ ರಾಜಕುಮಾರರನ್ನು ಕೇಳಿ ರೂಢಿಯಾಗಿದ್ದ ಜನರಿಗೆ ನಟನೇ ಹಾಡಿದ ಹಾಡಾಗಿ ಸಿಕ್ಕಿದ್ದು 1974ರ ‘ಸಂಪತ್ತಿಗೆ ಸವಾಲ್’ ಚಿತ್ರದ ಈ ಹಾಡು, ಸಂಗೀತ ಜಿ.ಕೆ. ವೆಂಕಟೇಶ್ ಅವರದು ಎಂದು ಒಬ್ಬರು ಹೇಳಿ ಮುಗಿಸುವಷ್ಟರಲ್ಲಿ, ಅದೇ ಮೊದಲಲ್ಲ, 1959ರ ‘ಮಹಿಷಾಸುರ ಮರ್ದಿನಿ’ಯಲ್ಲಿ ಎಸ್. ಜಾನಕಿಯವರ ಜೊತೆ ಹಾಡಿದ್ದಾರಲ್ಲ ಎಂದು ಇನ್ನೊಬ್ಬರು ತಡೆದರು. ಮೂರನೆಯವರು ಬೇರೊಂದು ಗಂಟು ಬಿಚ್ಚಿದರು. ಸತ್ಸಂಗದಲ್ಲಿ ಪ್ರತಿ ಸೋಮವಾರ ನಾವು ಭಕ್ತಿಯಿಂದ ಹಾಡುತ್ತಿದ್ದ "ಶಿವಪ್ಪ ಕಾಯೋ ತಂದೆ" ಸಿನಿಮಾ ಹಾಡೇ ಅಲ್ಲವೇ, 1954ರ ‘ಬೇಡರ ಕಣ್ಣಪ್ಪ’ದ್ದು, ಅದನ್ನು ಹಾಡಿದವರು ಯಾರು? ರಾಜಕುಮಾರ್ ಎಂದರು ಒಬ್ಬರು, ಪಿ.ಬಿ. ಶ್ರೀನಿವಾಸ್ ಎಂದರು ಇಬ್ಬರು. ಸಿ.ಎಸ್. ಜಯರಾಮನ್ ಎಂಬ ಸರಿಯುತ್ತರ ಬಂದದ್ದು ಕ್ಯಾಸೆಟ್ಟು ಬದಲಿಸುತ್ತಿದ್ದ ಅಂಗಡಿಯವರಿಂದ. ನಿಷೇಧ ಹೊರಡಿಸಿದವರಿಗೆ ಈ ಹಾಡಿನ ಮೂಲ ಗೊತ್ತಿತ್ತೇ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಇಂಥ ಹಲವು ಭಜನೆಗಳ ಒಳಗೆ ಚಿತ್ರಗೀತೆಯ ಮಟ್ಟು ಇತ್ತು. ಆಗ ಹಾರ್ಮೋನಿಯಂ ನುಡಿಸುತ್ತಿದ್ದವರು ಈಗ ನಮ್ಮ ಜೊತೆಯೇ ಇದ್ದಾರೆ. ಯಾವ ಭಜನೆಗೆ ಯಾವ ಮಟ್ಟು ಹಾಕಿದ್ದೆ ಎಂದು ಅವರೇ ಒಂದೊಂದಾಗಿ ಹೇಳಿಕೊಟ್ಟರು, ಸ್ವಲ್ಪವೂ ಪಶ್ಚಾತ್ತಾಪವಿಲ್ಲದೆ.

ಪ್ರತಿ ಕ್ಯಾಸೆಟ್ಟಿನದೂ ಎರಡು ಪ್ರತಿ ಕೊಡುತ್ತಾರೆ: ಇದ್ದದ್ದು ಇದ್ದಂತೆ ಒಂದು, ಗದ್ದಲ ತೆಗೆದು ಶುದ್ಧ ಮಾಡಿದ್ದು ಇನ್ನೊಂದು. ಶುದ್ಧ ಪ್ರತಿಯ ಬಗ್ಗೆ ನನ್ನ ಅಭಿಪ್ರಾಯ ಅಷ್ಟು ಒಳ್ಳೆಯದಲ್ಲ. ಸರ‍್ರೆಂಬ ಸದ್ದನ್ನು ತೆಗೆಯುವ ತಂತ್ರಾಂಶ ಹೆಂಚಿನ ಮೇಲಿನ ಮಳೆಯನ್ನೂ ತೆಗೆಯುತ್ತದೆ, ತಾಳದ ನಾದದ ಬಾಲವನ್ನೂ ಕತ್ತರಿಸುತ್ತದೆ. ಮುಂಜಾನೆಯ ಪ್ರಾರ್ಥನೆಯ ಒಂದು ಕ್ಯಾಸೆಟ್ಟಿನಲ್ಲಿ ಶ್ಲೋಕಗಳ ನಡುವಿನ ಮೌನದಲ್ಲಿ ಪಕ್ಕದ ಮನೆಯ ರೇಡಿಯೋ ತೀರಾ ಸಣ್ಣಗೆ ಕೇಳುತ್ತದೆ. ಮೊದಲು ಆಕಾಶವಾಣಿಯ ಆರಂಭದ ರಾಗ, ಯುರೋಪಿನಿಂದ ಆಶ್ರಯ ಅರಸಿ ಬಂದು ಮುಂಬಯಿ ನಿಲಯದಲ್ಲಿ ಕೆಲಸ ಮಾಡಿದ ವಾಲ್ಟರ್ ಕೌಫ್‌ಮನ್ ಸಂಯೋಜಿಸಿದ್ದೆಂದು ಹೇಳುವ, ಶಿವರಂಜನಿಯ ಛಾಯೆಯ ಆ ಧ್ವನಿ. ಆಮೇಲೆ ಮಂಗಳೂರು ನಿಲಯದ ಉದ್ಘೋಷಣೆ. ಮಂಗಳೂರು ಆಕಾಶವಾಣಿ ಆರಂಭವಾದದ್ದು 1976ರಲ್ಲಿ. ದಿನಾಂಕದ ಚೀಟಿಯೇ ಇಲ್ಲದ ಆ ಕ್ಯಾಸೆಟ್ಟು ಅದಕ್ಕಿಂತ ಹಳೆಯದಲ್ಲ ಎಂದು ನಾವು ಲೆಕ್ಕ ಹಾಕಿದ್ದು ಇದರಿಂದಲೇ. ಶುದ್ಧ ಪ್ರತಿಯಲ್ಲಿ ಆ ರೇಡಿಯೋ ಇಲ್ಲವೇ ಇಲ್ಲ. ಯಾರು ಹೋದರೂ ಇದ್ದಂತೆ ಇರುವ ಪ್ರತಿಯನ್ನು, ಧ್ವನಿಯನ್ನು ಕುಗ್ಗಿಸದೆ ಇಡುವ ವೇವ್ ಕಡತವಾಗಿ ಕೇಳಿ ಪಡೆಯಬೇಕು. ಎರಡೂ ಬದಿ ಸೇರಿ ಒಂದು ಗಂಟೆ ಓಡುವ ಸಿ-60 ಕ್ಯಾಸೆಟ್ಟೊಂದಕ್ಕೆ ಸುಮಾರು 600 ಎಂಬಿ ಜಾಗ ಬೇಕಾಗುತ್ತದೆ, ಅದಕ್ಕೆ ತಕ್ಕ ಪೆನ್‌ಡ್ರೈವ್ ಒಯ್ಯುವುದು ಮೇಲು.

ಗುಟ್ಟು ಕಾಯುವ ವಿಷಯದಲ್ಲಿ ಅಂಗಡಿಯವರು ಎಚ್ಚರದವರು. ಸತ್ಸಂಗದಲ್ಲಿ ತಪ್ಪು ಮಾಡಿದವರು ಎಲ್ಲರೆದುರು ಎದ್ದು ನಿಂತು ಒಪ್ಪಿಕೊಳ್ಳುವ ಪದ್ಧತಿಯಿತ್ತು, ಅದೂ ಕೆಲವು ಕ್ಯಾಸೆಟ್ಟುಗಳಲ್ಲಿ ಸೇರಿದೆ. ಅಂಥ ಭಾಗ ಬಂದ ಕೂಡಲೇ ಅವರು ಸ್ಪೀಕರ್ ಆರಿಸಿ, ಮುಂದೆ ಕೇಳಿಸಬೇಕೇ ಬೇಡವೇ ಎಂದು ನಮ್ಮನ್ನೇ ಕೇಳಿದರು. ಆ ಧ್ವನಿ ನಮ್ಮಲ್ಲೇ ಕೂತಿದ್ದ ಅಕ್ಕನವರದ್ದಾಗಿತ್ತು, ಕಾಲೇಜಿನ ದಿನಗಳದ್ದು. ಕೇಳಿಸಿ ಎಂದು ಅವರೇ ಹೇಳಿದರು. ಮಣಿಪಾಲಕ್ಕೆಂದು ಹೇಳಿ ಹೊರಟು ಗೆಳತಿಯರೊಡನೆ ಸಿನಿಮಾಕ್ಕೆ ಹೋಗಿದ್ದಕ್ಕೆ ಕ್ಷಮೆ ಕೇಳುವ, ನಡುಗುವ ಆ ದನಿಯನ್ನು ಅವರು ಕೊನೆಯವರೆಗೂ ಕೇಳಿ, "ನೋಡಿ, ಯಾವ ಪಿಚ್ಚರ್ ಅಂತ ಮಾತ್ರ ನಾನು ಹೇಳ್ಲೇ ಇಲ್ಲ" ಎಂದರು. ನಮಗೂ ಹೇಳಲಿಲ್ಲ. ಅದರ ಒಂದು ಹಾಡಿನ ಪಲ್ಲವಿಯನ್ನು ಪದಗಳಿಲ್ಲದೆ ಗುನುಗಿ, ಕಂಡುಹಿಡಿಯಿರಿ ಎಂದರು; ಕಂಡುಹಿಡಿದವರು ಒಬ್ಬರೇ.

ಕೊರತೆಗಳಿವೆ. ಮಾಳಿಗೆಯ ಮೆಟ್ಟಿಲು ಕಡಿದಾಗಿದೆ, ಹಿಡಿದುಕೊಳ್ಳಲು ಹಗ್ಗವಷ್ಟೇ ಇದೆ. ಮೊಣಕಾಲು ನೋವಿನವರು ಕೆಳಗೆ ನಿಂತು ಕರೆದರೆ ಅವರೇ ಬಂದು ಕ್ಯಾಸೆಟ್ಟು ಒಯ್ಯುತ್ತಾರೆ, ಆದರೆ ಕೇಳುವ ಕೋಣೆ ಮೇಲೆಯೇ ಇರುವುದು. ಕಡತಗಳಿಗೆ ಬರೀ ಅಂಕಿಯ ಹೆಸರು ಕೊಡುವುದರಿಂದ ಯಾವುದು ಯಾವ ಕ್ಯಾಸೆಟ್ಟು ಎಂದು ಮನೆಯಲ್ಲಿ ಮತ್ತೆ ಹೊಂದಿಸಿಕೊಳ್ಳಬೇಕು. ಮಳೆಗಾಲದಲ್ಲಿ ಕರೆಂಟಿನ ಕಾಟಕ್ಕೆ ಕೆಲಸ ವಾರಗಟ್ಟಲೆ ಮುಂದೆ ಹೋಗುತ್ತದೆ. ದರ ಓಡಿದ ನಿಮಿಷಗಳ ಲೆಕ್ಕದಲ್ಲಿದೆ, ಖಾಲಿ ಓಡಿದ ಭಾಗಕ್ಕೂ ದುಡ್ಡು ಕೊಡಬೇಕಾಗುತ್ತದೆ; ಮೇಲೆ ಹೇಳಿದ ಕಾರಣಕ್ಕೆ ನನಗೆ ಅದು ಅನ್ಯಾಯವೆನಿಸಲಿಲ್ಲ. ಬೂಷ್ಟು ತೆಗೆಯಲು ಬೇರೆ ದರ, ಅದನ್ನು ಮೊದಲೇ ಹೇಳುತ್ತಾರೆ.

ಗುಂಪಾಗಿ ಹೋಗುವವರು ಹಿಂದಿನ ದಿನವೇ ತಿಳಿಸಿ, ಮಧ್ಯಾಹ್ನದ ಮೇಲೆ ಹೋಗುವುದು ಒಳ್ಳೆಯದು. ಬೆಂಚಿನಲ್ಲಿ ನಾಲ್ಕೈದು ಮಂದಿಗೆ ಜಾಗವಿದೆ. ಮುಗಿಸಿ ಇಳಿದರೆ ರಥಬೀದಿಯ ಮಿತ್ರ ಸಮಾಜ ನಡೆದು ಹೋಗುವಷ್ಟು ಹತ್ತಿರ, ಗೋಳಿಬಜೆ ಬಿಸಿ ಇರುವ ಹೊತ್ತೂ ಅದೇ. ದೊಡ್ಡ ಸ್ಪೂಲ್ ಟೇಪುಗಳನ್ನು ಇಲ್ಲಿ ತೆಗೆದುಕೊಳ್ಳುವುದಿಲ್ಲ. ನಮ್ಮ ಕೆಲಸ ನಡೆಯುತ್ತಿರುವ ಸುದ್ದಿ ತಿಳಿದು, ಸತ್ಸಂಗದಲ್ಲಿ ಇಂದಿಗೂ ಇರುವ ಹಿರಿಯರೊಬ್ಬರು ತಮ್ಮ ಬಳಿಯಿದ್ದ ಎರಡು ಕ್ಯಾಸೆಟ್ಟುಗಳನ್ನು ಮೊಮ್ಮಗನ ಕೈಯಲ್ಲಿ ಇದೇ ಅಂಗಡಿಗೆ ಕಳಿಸಿದ್ದಾರೆ. ಭಜನೆ ಮುಗಿದ ಮೇಲಿನದ್ದನ್ನೂ ಬಿಡದೆ ಹಾಕಿಕೊಡಬೇಕು ಎಂದು ಚೀಟಿ ಬರೆದಿದ್ದಾರಂತೆ.