ಪವರ್ ಕಂಡೀಷನರ್ ಹಾಕಿದರೆ ಹೈಫೈ ಧ್ವನಿ ಸುಧಾರಿಸುತ್ತದೆಯೇ?

ಪವರ್ ಕಂಡೀಷನರ್ ಎಂದರೆ ಗೋಡೆಯ ಪ್ಲಗ್‌ಗೂ ಉಪಕರಣಕ್ಕೂ ನಡುವೆ ಕೂತು ಕರೆಂಟನ್ನು ಸೋಸುವ ಪೆಟ್ಟಿಗೆ. ಚೆನ್ನಾಗಿ ಕಟ್ಟಿದ ಆಂಪ್ಲಿಫೈಯರ್‌ಗೆ ಇದರಿಂದ ಕೇಳುವಂಥ ವ್ಯತ್ಯಾಸವಾಗದು. 230 ವೋಲ್ಟ್ ಎಸಿಯನ್ನು ಅದರೊಳಗಿನ ಟ್ರಾನ್ಸ್‌ಫಾರ್ಮರ್, ರೆಕ್ಟಿಫೈಯರ್, ದಪ್ಪ ಕೆಪಾಸಿಟರ್‌ಗಳು ಡಿಸಿ ಮಾಡಿಯೇ ಮುಂದೆ ಬಿಡುತ್ತವೆ. ಸೋಸುವ ಕೆಲಸ ಅಲ್ಲೇ ಮುಗಿದಿರುತ್ತದೆ.

ಸ್ಪೀಕರ್ 'ಗುಂಯ್' ಅನ್ನುತ್ತಿದ್ದರೆ ದುಡ್ಡು ಸುರಿಯುವ ಮೊದಲು ಆಂಪ್ಲಿಫೈಯರ್ ಆಫ್ ಮಾಡಿ, ಬೇರೆ ಉಪಕರಣಗಳಿಂದ ಧ್ವನಿ ತರುವ ಆರ್‌ಸಿಎ ಕೇಬಲ್‌ಗಳನ್ನೆಲ್ಲ ಕಿತ್ತು, ಮತ್ತೆ ಆನ್ ಮಾಡಿ. ಸದ್ದು ನಿಂತರೆ ಹೆಚ್ಚಾಗಿ ಅದು ಗ್ರೌಂಡ್ ಲೂಪ್, ಅಂದರೆ ಉಪಕರಣಗಳ ಅರ್ತ್ ಒಂದಕ್ಕಿಂತ ಹೆಚ್ಚು ದಾರಿಯಲ್ಲಿ ಸೇರಿ ಆದ ಸುತ್ತು. ಎಲ್ಲ ಉಪಕರಣಗಳನ್ನೂ ಒಂದೇ ಬೋರ್ಡ್‌ಗೆ ಹಾಕಿ, ಕೇಬಲ್‌ಗಳನ್ನು ಒಂದೊಂದಾಗಿ ಸಿಕ್ಕಿಸುತ್ತಾ ಹೋಗಿ. ಸೆಟ್‌ಟಾಪ್ ಬಾಕ್ಸ್ ಸಿಕ್ಕಿಸಿದಾಗ ಸದ್ದು ಮರಳಿದರೆ ಕಳ್ಳ ಸಿಕ್ಕಿದ ಹಾಗೆ. ಅರ್ತ್ ಪಿನ್ ಮಾತ್ರ ಎಂದಿಗೂ ತೆಗೆಯಬೇಡಿ, ಜೀವಕ್ಕೇ ಅಪಾಯ.

ಸದ್ದು ಆಂಪ್ಲಿಫೈಯರ್ ಪೆಟ್ಟಿಗೆಯಿಂದಲೇ ಬರುತ್ತಿದ್ದರೆ ಅದುರುತ್ತಿರುವುದು ಟ್ರಾನ್ಸ್‌ಫಾರ್ಮರ್. ಲೈನಿನಲ್ಲಿ ಸೇರಿಕೊಂಡ ಅಲ್ಪ ಡಿಸಿ ಕಾರಣವಾದರೆ ಡಿಸಿ ಬ್ಲಾಕರ್ ಬೇಕು. ಎಷ್ಟೋ ಕಂಡೀಷನರ್‌ಗಳಲ್ಲಿ ಅದಿರುವುದಿಲ್ಲ. ಕರೆಂಟ್ ಹೋದಾಗ ಮಾತ್ರ ಗುಂಯ್‌ಗುಟ್ಟಿದರೆ ಸ್ಕ್ವೇರ್ ವೇವ್ ಇನ್ವರ್ಟರ್ ಬಿಟ್ಟು ಸೈನ್ ವೇವ್ ತನ್ನಿ. ಸಂಜೆ ವೋಲ್ಟೇಜ್ 180ಕ್ಕೆ ಇಳಿಯುವ ಊರಿಗೆ ಬೇಕಾದದ್ದು ಸ್ಟೆಬಿಲೈಸರ್. ಬರೀ ಫಿಲ್ಟರ್ ಇರುವ ಕಂಡೀಷನರ್ ವೋಲ್ಟೇಜ್ ಏರಿಸದು.

ಕಂಡೀಷನರ್‌ನ ನಿಜವಾದ ಉಪಯೋಗ ಸರ್ಜ್ (ದಿಢೀರ್ ಏರುವ ವೋಲ್ಟೇಜ್) ರಕ್ಷಣೆ. ಆ ಹೊಡೆತವನ್ನು ತಡೆಯುವ ಒಳಗಿನ ಬಿಡಿಭಾಗ ಎಂಒವಿ ಪ್ರತಿ ಹೊಡೆತಕ್ಕೂ ಸ್ವಲ್ಪ ಸವೆಯುತ್ತದೆ. ರಕ್ಷಣೆಯ ಸೂಚಕ ದೀಪ ಆರಿದರೆ ಬದಲಿಸಿ. ಗುಡುಗು ಶುರುವಾಗುವ ಮೊದಲೇ ಪ್ಲಗ್ ಕಿತ್ತಿಡಿ.