ನೋಂದಾಯಿತ ದತ್ತಕ ಪತ್ರವನ್ನು ನಂಬಿ ವಿಮಾನ ಹತ್ತುವ ದಂಪತಿಗಳಿಗೆ

ನಾನು ಮತ್ತು ನನ್ನ ಪತಿ ನ್ಯೂಜೆರ್ಸಿಯಲ್ಲಿ ನೆಲೆಸಿದ್ದೇವೆ. ಇಬ್ಬರೂ ಅಮೆರಿಕದ ಪೌರರು, ಇಬ್ಬರ ಬಳಿಯೂ ಓಸಿಐ, ಅಂದರೆ ಭಾರತದ ಸಾಗರೋತ್ತರ ಪೌರರೆಂಬ ಕಾರ್ಡ್ ಇದೆ. 2024ರ ಜನವರಿಯಲ್ಲಿ ಹೆಣ್ಣುಮಗುವೊಂದನ್ನು ದತ್ತು ತೆಗೆದುಕೊಂಡು ಬರಲೆಂದು ಬೆಂಗಳೂರಿಗೆ ಹೋದ ನಾವು ಐದು ವಾರಗಳ ನಂತರ ಇಬ್ಬರೇ ಹಿಂತಿರುಗಿದೆವು. ಅಂದು ನಮಗೆ ಹೇಳಿದ ಮಾತನ್ನೇ, "ದತ್ತಕ ಪತ್ರ ರಿಜಿಸ್ಟರ್ ಆದರೆ ಎಲ್ಲ ಮುಗಿದಂತೆ" ಎಂಬ ಮಾತನ್ನೇ, ಈಚೆಗೆ ಪರಿಚಿತ ದಂಪತಿಯೊಬ್ಬರ ಬಾಯಲ್ಲಿ ಮತ್ತೆ ಕೇಳಿದ ಮೇಲೆ ಇದನ್ನು ಬರೆಯದೆ ಇರಲಾಗಲಿಲ್ಲ. ಭಾರತದಲ್ಲೇ ಇದ್ದು ಮಗುವನ್ನು ಸಾಕುವವರ ಪಾಲಿಗೆ, ಕಾನೂನಿನ ಉಳಿದೆಲ್ಲ ಷರತ್ತುಗಳು ನೆರವೇರಿದ್ದರೆ, ಆ ಮಾತಿನಲ್ಲಿ ಹುರುಳಿರಬಹುದು. ಹೊರದೇಶದಲ್ಲಿ ಮನೆ ಮಾಡಿರುವ ನಮ್ಮಂಥವರ ಪಾಲಿಗೆ ಅದು ಮೋಸದ ಮಾತು.

ಮದುವೆಯಾಗಿ ಹನ್ನೊಂದು ವರ್ಷಗಳಾಗಿದ್ದವು. ಚಿಕಿತ್ಸೆಗಳಿಂದ ದೇಹವೂ ಮನಸ್ಸೂ ಬಳಲಿದ್ದ ಸಮಯದಲ್ಲಿ ಅಮೆರಿಕದ ದತ್ತು ಸಂಸ್ಥೆಯೊಂದನ್ನು ವಿಚಾರಿಸಿದಾಗ, ಕಾಗದಪತ್ರಗಳಿಗೇ ತಿಂಗಳುಗಳು ಬೇಕು, ಆಮೇಲೆ ಸರದಿಗಾಗಿ ಕಾಯಬೇಕು ಎಂಬ ಉತ್ತರ ಬಂದಿತ್ತು. ಅದೇ ದಿನಗಳಲ್ಲಿ ನನ್ನ ಪತಿಯ ದೂರದ ಸಂಬಂಧಿಕರೊಬ್ಬರು ಮೈಸೂರಿನಿಂದ ಫೋನ್ ಮಾಡಿ, ತಮಿಳುನಾಡಿನ ಗಡಿಗೆ ಹತ್ತಿರವಿರುವ ತಾಲ್ಲೂಕು ಕೇಂದ್ರವೊಂದರ ನರ್ಸಿಂಗ್ ಹೋಮಿನಲ್ಲಿ ಬಡ ವಿಧವೆಯೊಬ್ಬಳಿಗೆ ಮೂರನೆಯ ಹೆಣ್ಣುಮಗು ಹುಟ್ಟಿದೆ, ಅದನ್ನು ಒಳ್ಳೆಯ ಮನೆಗೆ ಕೊಡುವ ಮನಸ್ಸು ಅವಳಿಗಿದೆ ಎಂದರು. ಆ ನರ್ಸಿಂಗ್ ಹೋಮಿನ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ಮಹಿಳೆ ನಮ್ಮೊಡನೆ ಮಾತನಾಡಿ, ಆಸ್ಪತ್ರೆಯ ಖರ್ಚು, ವಕೀಲರ ಶುಲ್ಕ ಮತ್ತು ತಾಯಿಯ ಆರೈಕೆ ಎಲ್ಲ ಸೇರಿ ಆರೂವರೆ ಲಕ್ಷ ರೂಪಾಯಿ ಆಗುತ್ತದೆ ಎಂದು ತಿಳಿಸಿದರು. ಕೇವಲ ಎರಡು ತಿಂಗಳ ಹಿಂದೆ, 2023ರ ನವೆಂಬರಿನಲ್ಲಿ, ನವಜಾತ ಶಿಶುಗಳನ್ನು ಮಾರುತ್ತಿದ್ದ ಜಾಲವೊಂದನ್ನು ಬೆಂಗಳೂರಿನ ಸಿಸಿಬಿ (ಕೇಂದ್ರ ಅಪರಾಧ ದಳ) ಪೊಲೀಸರು ಹಿಡಿದ ಸುದ್ದಿಯನ್ನು ನಾವು ಓದಿದ್ದೆವು. ಆದರೂ ನಮ್ಮದು ಬೇರೆ, ನಮ್ಮಲ್ಲಿ ವಕೀಲರಿದ್ದಾರೆ, ನೋಂದಣಿ ಇದೆ ಎಂದೇ ಭಾವಿಸಿದೆವು.

ಮೊದಲ ಭೇಟಿಯಲ್ಲೇ ನಾವು ಎದ್ದು ಬರಬೇಕಾಗಿತ್ತು. ನಾನೇ ಆ ನರ್ಸಿಂಗ್ ಹೋಮಿನಲ್ಲಿ ಹೆತ್ತಂತೆ ಜನನ ಪ್ರಮಾಣಪತ್ರ ಮಾಡಿಸಿಕೊಡುವುದಾಗಿ ಆ ಮಹಿಳೆ ಹೇಳಿದರು. "ಅದೇ ಸಲೀಸು ಮೇಡಂ, ಯಾರೂ ಏನೂ ಕೇಳಲ್ಲ" ಎಂಬುದು ಅವರ ಮಾತು. ನಾವು ಅದನ್ನು ಒಪ್ಪಲಿಲ್ಲ. ಆದರೆ ಅಂಥ ಮಾತಾಡಿದವರೇ ಮುಂದಿಟ್ಟ ಎರಡನೆಯ ದಾರಿಯನ್ನು, ಅಂದರೆ 1956ರ ಹಿಂದೂ ದತ್ತಕ ಮತ್ತು ನಿರ್ವಹಣಾ ಕಾಯ್ದೆಯಡಿ ಪತ್ರ ಮಾಡಿಸುವುದನ್ನು, ಪ್ರಾಮಾಣಿಕವೆಂದು ನಂಬಿದೆವು. ನಮ್ಮ ತಪ್ಪು ಅಲ್ಲಿಂದಲೇ ಶುರುವಾಯಿತು.

ಉಪನೋಂದಣಾಧಿಕಾರಿ ಕಚೇರಿಯಲ್ಲಿ ಮಗುವಿನ ತಾಯಿಯನ್ನು ನಾನು ಮೊದಲ ಸಲ ನೋಡಿದೆ. ಇಪ್ಪತ್ತನಾಲ್ಕು ಇಪ್ಪತ್ತೈದರ ಹುಡುಗಿ. ಸಿಸೇರಿಯನ್ ಆಗಿ ಹನ್ನೆರಡೇ ದಿನವಾಗಿದ್ದರಿಂದ ಬೆಂಚಿನ ಮೇಲೆ ನೆಟ್ಟಗೆ ಕೂರಲಾಗದೆ ಒಂದು ಕೈಯನ್ನು ಹೊಟ್ಟೆಗೆ ಒತ್ತಿಕೊಂಡಿದ್ದಳು. ಕ್ಯಾಮೆರಾದ ಮುಂದೆ ಫೋಟೊ ತೆಗೆಸಿ, ಹೆಬ್ಬೆಟ್ಟು ಒತ್ತಲು ಕೈ ಚಾಚಿದಾಗ ಸೆರಗು ಜಾರಿತು. ರವಿಕೆ ಹಾಲಿನಿಂದ ಒದ್ದೆಯಾಗಿತ್ತು. ಅವಳು ಬೇಗನೆ ಸೆರಗನ್ನು ಎಳೆದುಕೊಂಡಳು. ಹೊರಗೆ ಬಂದ ಮೇಲೆ ಮಗುವಿನ ಮುಂಗೈಗೆ ಕಟ್ಟಿದ್ದ ಕರಿದಾರವನ್ನು ಸರಿಮಾಡಿ, "ರಾತ್ರಿ ಹನ್ನೊಂದ್ಕೆ ಎದ್ದುಬುಡ್ತದೆ ಕಣಕ್ಕ, ಅಳಕ್ ಬುಡ್ಬೇಡಿ" ಎಂದು ನನಗೆ ಹೇಳಿದಳು. ತನ್ನಿಷ್ಟದಿಂದ ಮಗುವನ್ನು ಕೊಡುತ್ತಿರುವ ತಾಯಿ ಆಡುವ ಮಾತೇ ಇದು ಎಂದು ಅಂದು ನನ್ನನ್ನು ನಾನು ಕೇಳಿಕೊಳ್ಳಲಿಲ್ಲ. ಮಗುವನ್ನು ಎತ್ತಿಕೊಂಡ ಸಂಭ್ರಮದಲ್ಲಿ ಆ ಪ್ರಶ್ನೆಯೇ ನನಗೆ ಬೇಕಿರಲಿಲ್ಲ.

ಮೈಸೂರಿನ ಮನೆಯಲ್ಲಿ ಅತ್ತೆಯವರು ಪುರೋಹಿತರನ್ನು ಕರೆಸಿ ದತ್ತಹೋಮ ಮಾಡಿಸಿದರು. ಮಗು ನಮ್ಮೊಡನೆ ಹತ್ತೊಂಬತ್ತು ದಿನ ಇತ್ತು. ತಾಯಿ ಹೇಳಿದಂತೆ ರಾತ್ರಿ ಹನ್ನೊಂದಕ್ಕೆ ಸರಿಯಾಗಿ ಏಳುತ್ತಿತ್ತು.

ಪಾಸ್‌ಪೋರ್ಟ್ ಅರ್ಜಿಯ ವೇಳೆ ಅಧಿಕಾರಿಯೊಬ್ಬರು ನಮ್ಮ ಓಸಿಐ ಕಾರ್ಡುಗಳನ್ನು ನೋಡಿ, ಕಾರಾದ, ಅಂದರೆ ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರದ ನಿರಾಕ್ಷೇಪಣಾ ಪತ್ರವೆಲ್ಲಿ ಎಂದು ಕೇಳಿದರು. ದತ್ತಕ ಪತ್ರವನ್ನು ಬರೆದ ವಕೀಲರು ಆ ಹೆಸರನ್ನು ಒಮ್ಮೆಯೂ ಎತ್ತಿರಲಿಲ್ಲ. ಅಂದು ರಾತ್ರಿಯೇ ನ್ಯೂಜೆರ್ಸಿಯ ವಲಸೆ ವಕೀಲರಿಗೆ ಫೋನ್ ಮಾಡಿದೆವು. ಅವರು ವಿವರಿಸಿದ್ದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ, ಏಕೆಂದರೆ ಹೊರಡುವ ಮೊದಲು ಇದಿಷ್ಟು ಗೊತ್ತಿದ್ದರೆ ನಾವು ಹೊರಡುತ್ತಲೇ ಇರಲಿಲ್ಲ.

ಅಂತರದೇಶೀಯ ದತ್ತು ಕುರಿತ 1993ರ ಹೇಗ್ ಒಪ್ಪಂದಕ್ಕೆ ಭಾರತ 2003ರಿಂದಲೂ ಅಮೆರಿಕ 2008ರಿಂದಲೂ ಬದ್ಧವಾಗಿವೆ. ಆದ್ದರಿಂದ ಅಮೆರಿಕದಲ್ಲಿ ವಾಸಿಸುವ ಪೌರರು ಮೊದಲು ಗೃಹ ಅಧ್ಯಯನ, ಅಂದರೆ ಸಮಾಜಕಾರ್ಯಕರ್ತರು ಮನೆ ಮತ್ತು ಕುಟುಂಬವನ್ನು ಪರಿಶೀಲಿಸಿ ಬರೆಯುವ ವರದಿ ಮಾಡಿಸಿ, ಅಮೆರಿಕದ ವಲಸೆ ಇಲಾಖೆಗೆ ಸಲ್ಲಿಸುವ ಐ-800ಎ ಎಂಬ ಅರ್ಜಿಯ ಮೂಲಕ ತಾವು ದತ್ತು ಪಡೆಯಲು ಅರ್ಹರೆಂಬ ಅನುಮೋದನೆ ಪಡೆಯಬೇಕು. ಆ ಕಡತ ಮಾನ್ಯತೆ ಪಡೆದ ಸಂಸ್ಥೆಯ ಮೂಲಕ ಕಾರಾಕ್ಕೆ ಹೋಗಿ, ಅಲ್ಲಿಂದ ಮಗುವಿನ ವಿವರ ಬಂದ ಮೇಲೆ ಆ ಮಗುವಿನ ಹೆಸರಿನಲ್ಲಿ ಐ-800 ಅರ್ಜಿ ಸಲ್ಲಿಸಿ ತಾತ್ಕಾಲಿಕ ಅನುಮೋದನೆ ಪಡೆಯಬೇಕು. ನಂತರ ಅಮೆರಿಕದ ದೂತಾವಾಸದ ಪತ್ರ, ಕಾರಾದ ನಿರಾಕ್ಷೇಪಣಾ ಪತ್ರ, ಜಿಲ್ಲಾಧಿಕಾರಿಯ ದತ್ತು ಆದೇಶ, ದತ್ತು ಹೇಗ್ ಒಪ್ಪಂದದಂತೆಯೇ ನಡೆದಿದೆ ಎಂಬ ಕಾರಾದ ಅನುಸರಣಾ ಪ್ರಮಾಣಪತ್ರ, ಪಾಸ್‌ಪೋರ್ಟ್, ವೀಸಾ, ಇದೇ ಕ್ರಮದಲ್ಲಿ. 2022ರ ಸೆಪ್ಟೆಂಬರಿಗೆ ಮೊದಲು ದತ್ತು ಆದೇಶವನ್ನು ನ್ಯಾಯಾಲಯ ಕೊಡುತ್ತಿತ್ತು, ಈಗ ಜಿಲ್ಲಾಧಿಕಾರಿ ಕೊಡುತ್ತಾರೆ. ಈ ಕ್ರಮವನ್ನು ತಿರುವುಮುರುವು ಮಾಡುವಂತಿಲ್ಲ. ತಾತ್ಕಾಲಿಕ ಅನುಮೋದನೆಗೆ ಮುನ್ನವೇ ದತ್ತು ನಡೆದುಹೋಗಿದ್ದರೆ, ಅದನ್ನು ರದ್ದುಪಡಿಸುವವರೆಗೆ ಐ-800 ಅರ್ಜಿ ತಿರಸ್ಕೃತವಾಗುತ್ತದೆ. ಇಷ್ಟೇ ಅಲ್ಲ, ರಕ್ತಸಂಬಂಧವಿಲ್ಲದ ಮಗುವಿನ ತಂದೆತಾಯಿಗಳನ್ನು ಪ್ರಕ್ರಿಯೆ ನಿಗದಿತ ಹಂತ ತಲುಪುವ ಮೊದಲೇ ಸಂಪರ್ಕಿಸುವುದೂ ಸಾಮಾನ್ಯವಾಗಿ ನಿಷಿದ್ಧ. ಹಿಂದೂ ಕಾಯ್ದೆಯಡಿ ದತ್ತು ಪಡೆದ ಮಗುವನ್ನು ಹೊರದೇಶಕ್ಕೆ ಕರೆದೊಯ್ಯಲು 2022ರ ದತ್ತು ನಿಯಮಾವಳಿಯಲ್ಲಿ ಪ್ರತ್ಯೇಕ ದಾರಿಯೊಂದಿದೆ ಎಂಬುದು ನಿಜ. ಆದರೆ ಅದು ಭಾರತದ ಕಡೆಯ ಬಾಗಿಲನ್ನು ಮಾತ್ರ ತೆರೆಯಬಲ್ಲದು.

ಮರುದಿನ ನಾವೇ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ ನಡೆದದ್ದನ್ನೆಲ್ಲ ತಿಳಿಸಿದೆವು. ಮಕ್ಕಳ ಕಲ್ಯಾಣ ಸಮಿತಿಯ ಆದೇಶದಂತೆ ಮಗುವನ್ನು ವಿಶೇಷ ದತ್ತು ಕೇಂದ್ರದ ಆಯಾ ಕೈಗೆ ಒಪ್ಪಿಸುವಾಗ, ಹಾಲಿನ ಪುಡಿಯ ಡಬ್ಬ ಮತ್ತು ಎರಡು ಹೊದಿಕೆಗಳ ಜೊತೆಗೆ ಹನ್ನೊಂದು ಗಂಟೆಯ ವಿಷಯವನ್ನೂ ಹೇಳಿ ಬಂದೆ.

ವಿಚಾರಣೆಯಲ್ಲಿ ಹೊರಬಿದ್ದ ಸತ್ಯ ಇದು: ತಾಯಿ ವಿಧವೆಯಲ್ಲ. ಗಂಡ ತಿರುಪ್ಪೂರಿನ ಬನಿಯನ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಮಗು ಹುಟ್ಟುತ್ತಲೇ ತೀರಿಕೊಂಡಿತು ಎಂದು ಅವನಿಗೆ ಹೇಳಲಾಗಿತ್ತು. ಗಂಡ ಬದುಕಿದ್ದು ಅವನ ಒಪ್ಪಿಗೆಯಿಲ್ಲದೆ ಮಾಡಿದ ದತ್ತಕ ಹಿಂದೂ ಕಾಯ್ದೆಯಡಿಯೂ ಊರ್ಜಿತವಲ್ಲ. ಪತ್ರದಲ್ಲಿ 'ಪತಿ ಮೃತರಾಗಿರುತ್ತಾರೆ' ಎಂಬ ಸಾಲಿತ್ತು, ಮರಣ ಪ್ರಮಾಣಪತ್ರ ಲಗತ್ತಿಸಿರಲಿಲ್ಲ, ಓದು ಬಲ್ಲ ನಾವಿಬ್ಬರೂ ಅದನ್ನು ಕೇಳಿರಲಿಲ್ಲ. ಸಿಸೇರಿಯನ್ ಬಿಲ್ ಕಟ್ಟಲಾಗದೆ ಒದ್ದಾಡುತ್ತಿದ್ದ ಅವಳಿಗೆ, ಮಗುವನ್ನು ಕೊಟ್ಟರೆ ಬಿಲ್ ಮನ್ನಾ ಎಂದು ಹೇಳಲಾಗಿತ್ತು. ನಾವು ಕೊಟ್ಟ ಆರೂವರೆ ಲಕ್ಷದಲ್ಲಿ ಅವಳ ಕೈ ಸೇರಿದ್ದು ನಲವತ್ತು ಸಾವಿರ. ಬಾಲನ್ಯಾಯ ಕಾಯ್ದೆಯ ಪ್ರಕಾರ ಸಮಿತಿಯ ಮುಂದೆ ಮಗುವನ್ನು ಒಪ್ಪಿಸಿದ ಹೆತ್ತವರಿಗೆ ಮರುಯೋಚನೆಗೆ ಎರಡು ತಿಂಗಳ ಕಾಲಾವಕಾಶವಿರುತ್ತದೆ. ಅದನ್ನು ಅವಳಿಗೆ ಯಾರೂ ತಿಳಿಸಿರಲಿಲ್ಲ. ಆಪ್ತಸಮಾಲೋಚಕಿ ತಿಳಿಸಿದಾಗ ಅವಳು ಎರಡು ತಿಂಗಳು ಕಾಯಲಿಲ್ಲ. ಗಂಡನನ್ನು ಕರೆಸಿಕೊಂಡು ಮಗುವನ್ನು ಮನೆಗೆ ಕರೆದೊಯ್ದಳು.

ಹಣ ಕೊಟ್ಟಿದ್ದಕ್ಕಾಗಿ ನಾವೂ ಪೊಲೀಸರ ಮುಂದೆ ಹೇಳಿಕೆ ಕೊಡಬೇಕಾಯಿತು. ದತ್ತಕಕ್ಕೆ ಪ್ರತಿಫಲವಾಗಿ ಹಣ ಕೊಡುವುದನ್ನೂ ಪಡೆಯುವುದನ್ನೂ 1956ರ ಕಾಯ್ದೆಯ 17ನೆಯ ಕಲಮೇ ನಿಷೇಧಿಸಿ, ಆರು ತಿಂಗಳವರೆಗಿನ ಸೆರೆವಾಸವನ್ನು ವಿಧಿಸುತ್ತದೆ. 2015ರ ಬಾಲನ್ಯಾಯ ಕಾಯ್ದೆಯ 81ನೆಯ ಕಲಮಿನಡಿ ಮಗುವಿನ ಮಾರಾಟ ಮತ್ತು ಖರೀದಿಗೆ ಐದು ವರ್ಷಗಳವರೆಗಿನ ಕಠಿಣ ಸಜೆಯಿದ್ದು, ಆಸ್ಪತ್ರೆಯವರೇ ಇದರಲ್ಲಿ ತೊಡಗಿದ್ದರೆ ಅದು ಏಳು ವರ್ಷಗಳವರೆಗೂ ಹೋಗಬಹುದು. ರಸೀದಿಯಿಲ್ಲದ ಆ 'ಖರ್ಚಿ'ಗೆ ಕಾನೂನಿನಲ್ಲಿರುವ ಹೆಸರು ಖರೀದಿ ಎಂಬುದನ್ನು ದಯವಿಟ್ಟು ಮರೆಯಬೇಡಿ. ಇಂಥ ಫೋನ್ ಕರೆ ನಿಮಗೆ ಬಂದರೆ ಅದನ್ನು ಅಲ್ಲಿಗೇ ಬಿಟ್ಟುಬಿಡದೆ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ. ಆ ಮಗುವನ್ನು ಬೇರೆ ದಂಪತಿ ಕೊಳ್ಳುವ ಮೊದಲು ಯಾರಾದರೂ ತಾಯಿಯನ್ನು ಮಾತನಾಡಿಸಬೇಕು.

ಇನ್ನೂ ಪೌರತ್ವ ಸಿಗದೆ ಎಚ್-1ಬಿ ಎಂಬ ಉದ್ಯೋಗ ವೀಸಾದಲ್ಲಿರುವ ಸ್ನೇಹಿತರ ಸ್ಥಿತಿ ಇದಕ್ಕಿಂತ ಕಠಿಣ. ಐ-800 ಅರ್ಜಿ ಅಮೆರಿಕದ ಪೌರರಿಗೆ ಮಾತ್ರ. ಉಳಿದವರು ದತ್ತು ಮಗುವನ್ನು ವಲಸೆ ಕಾನೂನಿನಲ್ಲಿ ತಮ್ಮ ಮಗುವೆಂದು ತೋರಿಸಲು, ಸಾಮಾನ್ಯವಾಗಿ ಎರಡು ವರ್ಷ ಅದರ ಕಾನೂನುಬದ್ಧ ಪಾಲನೆಯ ಹಕ್ಕು ಹೊಂದಿ, ಎರಡು ವರ್ಷ ಅದರೊಡನೆ ವಾಸಿಸಿರಬೇಕು. ಕೆಲಸಕ್ಕೆ ಐದು ವಾರ ರಜೆ ಹಾಕಿ ಹೋಗಿ ಬರುವ ವಿಷಯ ಇದಲ್ಲ.

ಈಗ ನಾವು ಮಾನ್ಯತೆ ಪಡೆದ ಸಂಸ್ಥೆಯ ಮೂಲಕ ಮೊದಲಿನಿಂದ ಆರಂಭಿಸಿದ್ದೇವೆ. ಗೃಹ ಅಧ್ಯಯನಕ್ಕೆ ಬಂದ ಸಮಾಜಕಾರ್ಯಕರ್ತೆಗೆ ಈ ಸಂಗತಿಯನ್ನು ಮುಚ್ಚಿಡುವಂತಿರಲಿಲ್ಲ, ಮುಚ್ಚಿಡುವ ಮನಸ್ಸೂ ಇರಲಿಲ್ಲ. ಎಂಟು ಪುಟಗಳಲ್ಲಿ ಬರೆದುಕೊಟ್ಟೆವು, ಅವರು ಅದನ್ನು ವರದಿಗೆ ಸೇರಿಸಿದರು, ಅದರ ಕಾರಣದಿಂದ ಹೆಚ್ಚುವರಿ ಪ್ರಶ್ನೆಗಳೂ ಏಳು ತಿಂಗಳ ವಿಳಂಬವೂ ಆಯಿತು. ಅನುಮೋದನೆ ಕಳೆದ ತಿಂಗಳು ಬಂದಿದೆ, ಕಡತ ದೆಹಲಿಯ ಕಾರಾಕ್ಕೆ ಹೋಗಿದೆ, ನಾವು ಸರದಿಯಲ್ಲಿದ್ದೇವೆ.